ಒಂಬತ್ತೂ ಐದಕ್ಕೆ ಗಡಿಯಾರದ ಕೆಳಗೆ

ಬೆಳಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಲೆಸ್ಟರ್ ಡಿಟ್ಮರನ ವಾಫಲ್ ಕಾವಲಿಗೆ ಅಂಟಿಕೊಂಡಿತು. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಫ್ಲೋರಿಡಾದ ಕಿಸ್ಸಿಮಿ ಊರಿನ ಹೆದ್ದಾರಿ ಪಕ್ಕದ ಸನ್ನಿ ಪೆಲಿಕನ್ ಮೋಟೆಲಿನಲ್ಲಿ ತಿಂಡಿ ಪುಕ್ಕಟೆ, ಆದರೆ ವಾಫಲನ್ನು ಅವರವರೇ ಹುಯ್ದುಕೊಳ್ಳಬೇಕು. ಹಿಟ್ಟು ಸುರಿದು, ಮುಚ್ಚಿ, ಕಾವಲಿ ತಿರುವಿ, ಅದು ಕೀಂ ಎನ್ನುವವರೆಗೆ ಕಾಯಬೇಕು. ಲೆಸ್ಟರ್ ಎಣ್ಣೆ ಸವರಲು ಮರೆತಿದ್ದ. ಅವನ ಹಿಂದೆ ತಟ್ಟೆ ಹಿಡಿದು ಹನ್ನೊಂದು ಜನ ನಿಂತಿದ್ದರು. ಅಂಟಿದ ವಾಫಲ್ ಬಿಡಿಸುವ ವಿದ್ಯೆ ಹನ್ನೊಂದು ಜನಕ್ಕೂ ಗೊತ್ತಿತ್ತು.

"ಫೋರ್ಕ್ ಹಾಕ್ಬೇಡಿ, ಕಾವಲಿ ಹಾಳಾಗುತ್ತೆ!" ಎಂದರು ಪಕ್ಕದ ಕೋಣೆಯ ಮರ್ಲ್. ಮಿಶಿಗನ್ನಿನ ನಿವೃತ್ತ ಕೊಳಾಯಿ ರಿಪೇರಿಯವರು. "ಇಪ್ಪತ್ತೆರಡು ವರ್ಷದಿಂದ ಇದೇ ಮೋಟೆಲಿಗೆ ಬರ್ತಿದೀನಿ. ಇಲ್ಲಿನ ಕಾವಲಿ ಗುಣ ನಂಗೆ ಗೊತ್ತು. ಸ್ವಲ್ಪ ಬೆಣ್ಣೆ ಬಿಡಿ, ಮಾತಾಡಿಸ್ದೆ ಹಾಗೇ ಬಿಡಿ."

"ಬಿಟ್ಬಿಡು ಲೆಸ್ಟರ್," ಎಂದಳು ಹೆಂಡತಿ ರೋಂಡಾ. "ಏಳೂ ಕಾಲಿಗೆ ಪಾರ್ಕಿನ ಬಸ್ಸು. ಬಾಳೆಹಣ್ಣು ತಿಂದ್ರಾಯ್ತು."

"ಆಗಲ್ಲ. ಬಿಸಿ ವಾಫಲ್ ತಿಂದು, ಸರಿಯಾದ ಹೊತ್ತಿಗೆ ಬಂದ್ವಿ ಅಂತ ನಿಮ್ಮಮ್ಮನ ಮುಂದೆ ಎದೆ ತಟ್ಟಿ ಹೇಳ್ಬೇಕು ನಾನು."

ಈ ಹಠದ ಹಿಂದೆ ಹದಿನೆಂಟು ವರ್ಷದ ನೋವಿತ್ತು. ಲೆಸ್ಟರ್ ಓಹಾಯೋದ ಡೇಟನ್ನಿನಲ್ಲಿ ಅಂಚೆ ವಿಂಗಡಿಸುವವನು. ಮದುವೆಯಾದಾಗಿನಿಂದ ಪ್ರತಿವರ್ಷ ರಜೆಯಲ್ಲಿ ಅತ್ತೆ ವಿಲ್ಮಾ ಇಡೀ ಪರಿವಾರವನ್ನು ಇಲ್ಲಿನ ದೊಡ್ಡ ಮನರಂಜನಾ ಪಾರ್ಕಿಗೆ ಹೊರಡಿಸುತ್ತಾಳೆ. ಎಲ್ಲರೂ ಪಾರ್ಕಿನವರದೇ ಹೋಟೆಲಿನಲ್ಲಿ, ಒಂದೇ ಸಾಲಿನ ಕೋಣೆಗಳಲ್ಲಿ, ಒಂದೇ ಬಣ್ಣದ ಟೀ ಶರ್ಟು ತೊಟ್ಟು ಇರಬೇಕು. ಐದೂವರೆಗೆ ವಿಲ್ಮಾ ಬಾಗಿಲು ಬಡಿಯುತ್ತಾಳೆ. ಆರಕ್ಕೆ ಅವಳ ಮಗ ಗ್ಯಾರಿ, ಪ್ಲಾಸ್ಟಿಕ್ ಹೊದಿಸಿದ ಹಾಳೆ ಹಿಡಿದು, ಯಾರು ಯಾವಾಗ ಯಾವ ಉಯ್ಯಾಲೆ ಹತ್ತಬೇಕು, ಯಾವಾಗ ಮೂತ್ರಕ್ಕೆ ಹೋಗಬೇಕು ಎಂದು ಓದಿ ಹೇಳುತ್ತಾನೆ. ಲೆಸ್ಟರನಿಗೆ ಬೇಕಾಗಿದ್ದುದು ನಾಲ್ಕೇ ನಾಲ್ಕು ಬೆಳಗು: ಹೆಂಡತಿಯ ಜೊತೆ ಒಂದು ಲೋಟ ಕಾಫಿ, ಬಾಗಿಲು ಬಡಿಯುವವರಿಲ್ಲದೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಅದಕ್ಕೇ ಈ ವರ್ಷ, ನಾಲ್ಕು ಮೈಲಿ ಆಚೆಯ ಮೋಟೆಲೇ ಎಲ್ಲ ವಿಧದಲ್ಲೂ ವಾಸಿ ಎಂದು ವಾದ ಹೂಡಿ, ಬೇರೆ ಕೋಣೆ ಹಿಡಿದಿದ್ದ.

ಹಿಂದಿನ ರಾತ್ರಿ ಊಟದಲ್ಲಿ ವಿಲ್ಮಾ ತೀರ್ಪು ಕೊಟ್ಟಿದ್ದಳು. ಮೂವತ್ತು ವರ್ಷ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿದ್ದವಳು. ಮಾತು ಕೊಟ್ಟರೆ ತಪ್ಪುವವಳಲ್ಲ.

"ನೋಡು ಲೆಸ್ಟರ್, ಹೋಟೆಲಿನವರನ್ನ ಎಂಟೂವರೆಗೇ ಪಾರ್ಕಿನೊಳಗೆ ಬಿಡ್ತಾರೆ. ಮಿಕ್ಕವರನ್ನ ಒಂಬತ್ತಕ್ಕೆ. ನಾಳೆ ಒಂಬತ್ತೂ ಐದಕ್ಕೆ ಒಳಗಡೆ ಗಡಿಯಾರದ ಕೆಳಗೆ ನೀವಿಬ್ಬರೂ ಇರಬೇಕು. ಒಂದು ನಿಮಿಷ ತಡವಾದ್ರೂ ಸೋತ ಹಾಗೆ. ಸೋತವರು ಗೆದ್ದವರ ಹತ್ತಿರ ಹೋಗಬೇಕು; ನೀವು ಸೋತ್ರೆ ಸಂಜೆನೇ ಗಂಟು ಮೂಟೆ ಕಟ್ಕೊಂಡು ನಮ್ಮ ಹೋಟೆಲಿಗೆ ಬರಬೇಕು. ಒಪ್ಪಿಗೆನಾ?"

"ಒಪ್ಪಿಗೆ!" ಎಂದಿದ್ದ ಲೆಸ್ಟರ್, ಮೇಜು ಗುದ್ದಿ.

ಈಗ ಮರ್ಲ್ ಅವರ ಬೆಣ್ಣೆಯಿಂದ ಕಾವಲಿ ಹೊಗೆಯಾಡಿತು, ಚಾವಣಿಯ ಬೆಂಕಿ ಗಂಟೆ ಹೊಡೆದುಕೊಂಡಿತು, ಮ್ಯಾನೇಜರು ಎಲ್ಲರನ್ನೂ ಅಂಗಳಕ್ಕೆ ಅಟ್ಟಿದರು. ಕರಕಲಾದ ವಾಫಲಿಗೆ ಪಾಕ ಸುರಿದು, ಕಾಗದದಲ್ಲಿ ಸುತ್ತಿ ಜೇಬಿಗೆ ತುರುಕಿಕೊಂಡು ಲೆಸ್ಟರ್ ಹೊರಬಂದಾಗ ಮೋಟೆಲಿನ ಬಸ್ಸು ತಿರುವಿನಲ್ಲಿ ಮಾಯವಾಗುತ್ತಿತ್ತು.

"ಇನ್ನೊಂದು ಹತ್ತೂವರೆಗೆ," ಎಂದಳು ರೋಂಡಾ. ಅವಳ ದನಿಯಲ್ಲಿ ನಗು ಇತ್ತೋ ಅಳು ಇತ್ತೋ ಹೇಳುವುದು ಕಷ್ಟ.

"ನಡ್ಕೊಂಡು ಹೋಗೋಣ."

"ಹೆದ್ದಾರೀಲಾ? ಫ್ಲೋರಿಡಾ ಬಿಸಿಲಲ್ಲಾ? ನಾಲ್ಕು ಮೈಲಿನಾ?"

"ಓಡ್ಕೊಂಡು ಹೋಗೋಣ."

ಅಷ್ಟರಲ್ಲಿ ಮರ್ಲ್ ಅವನ ಭುಜ ಹಿಡಿದು ತಿರುಗಿಸಿದರು. "ಅಯ್ಯೋ, ನಿಮ್ಮವರ ಬಸ್ಸು ಅಲ್ಲೇ ನಿಂತಿದೆಯಲ್ರೀ! ಹತ್ತಿ, ಹತ್ತಿ!"

ಅಂಗಳದ ಮೂಲೆಯಲ್ಲಿ ಬಾಡಿಗೆ ಬಸ್ಸೊಂದು ನಿಂತಿತ್ತು. ಹತ್ತುತ್ತಿದ್ದವರೆಲ್ಲ ಗಿಳಿಹಸಿರು ಟೀ ಶರ್ಟು ತೊಟ್ಟಿದ್ದರು. ಲೆಸ್ಟರ್ ಮತ್ತು ರೋಂಡಾ ತೊಟ್ಟದ್ದೂ, ವಿಲ್ಮಾ ಹೊಲಿಸಿ ಹಂಚಿದ್ದೂ ಅದೇ ಗಿಳಿಹಸಿರು. ಈ ಸೀಮೆಯಲ್ಲಿ ರಜೆಗೆ ಬಂದ ಪರಿವಾರಗಳನ್ನು ಜನ ಮುಖ ನೋಡಿ ಗುರುತಿಸುವುದಿಲ್ಲ, ಬಟ್ಟೆ ನೋಡಿ ಗುರುತಿಸುತ್ತಾರೆ. ವಿವರಿಸಲು ಪುರುಸೊತ್ತಿರಲಿಲ್ಲ. ಬಸ್ಸು ಪಾರ್ಕಿಗೆ ಹೋಗುತ್ತದೆ ಎಂದು ಡ್ರೈವರನ ಬಾಯಲ್ಲಿ ಕೇಳಿದ್ದೇ ತಡ, ಲೆಸ್ಟರ್ ಹೆಂಡತಿಯನ್ನೆಳೆದುಕೊಂಡು ಹತ್ತಿಬಿಟ್ಟ.

ಅಲಬಾಮದ ಆ ಪರಿವಾರದ ಹಿರಿಯಳು ಒಡೆಸ್ಸಾ. ಎಪ್ಪತ್ತು ದಾಟಿದ್ದರೂ ದನಿ ಬಸ್ಸಿನ ಆ ತುದಿಗೆ ಮುಟ್ಟುತ್ತಿತ್ತು. ತಲೆ ಎಣಿಸಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಎಣಿಸಿದಳು.

"ಅರವತ್ತೊಂದು ಇರಬೇಕು, ಅರವತ್ಮೂರು ಇದಾವೆ. ಲೆಕ್ಕ ಸರಿಹೋಗೋ ತನಕ ಬಸ್ಸು ಹೊರಡಲ್ಲ!" ಎಂದು ಸೀಟಿನಿಂದ ಸೀಟಿಗೆ ವಿಚಾರಣೆ ಮಾಡುತ್ತ ಲೆಸ್ಟರನ ಮುಂದೆ ಬಂದು ನಿಂತಳು. "ನೀನ್ಯಾರು ಕಂದಾ? ರಕ್ತದವನೋ, ಮದುವೆಯಿಂದ ಬಂದವನೋ?"

ಲೆಸ್ಟರ್ ಸುಳ್ಳು ಹೇಳುವವನಲ್ಲ. "ಮದುವೆಯಿಂದ ಬಂದವನು," ಎಂದ.

"ಯಾರ ಗಂಡ?"

"ರೋಂಡಾಳ ಗಂಡ."

"ನಮ್ಮಲ್ಲಿ ಮೂರು ರೋಂಡಾ ಇದಾರೆ. ಯಾವಳು ಯಾವಾಗ ಮದುವೆ ಆದ್ಲೋ, ನಂಗೊಬ್ರೂ ಹೇಳಲ್ಲ!" ಎಂದು ಒಡೆಸ್ಸಾ ನಿಟ್ಟುಸಿರಿಟ್ಟು ಅವನ ಕೆನ್ನೆ ಹಿಂಡಿದಳು. "ಸೊರಗಿದೀಯ. ಹಿಂದೆ ಹೋಗಿ ಕೋಳಿ ತಿನ್ನು." ಬಸ್ಸು ಹೊರಟಿತು.

ಏಳೂ ಮುಕ್ಕಾಲಿಗೆ ಲೆಸ್ಟರನ ಉಸಿರು ಹಿಡಿತಕ್ಕೆ ಬಂತು. ಎಂಟಕ್ಕೆ ಬಸ್ಸು ಪಾರ್ಕಿನ ಹೆಸರು ಬರೆದ ದೊಡ್ಡ ಫಲಕದ ಹತ್ತಿರ ನಿಂತಿತು. ಪರಿವಾರದ ಫೋಟೋ ಆಗಬೇಕಿತ್ತು. ಅರವತ್ಮೂರು ಜನ ಎತ್ತರದ ಪ್ರಕಾರ ನಿಂತರು. ಒಬ್ಬ ಕಣ್ಣು ಮುಚ್ಚಿದ, ಇನ್ನೊಮ್ಮೆ ತೆಗೆದರು. ಮಗುವೊಂದು ಅತ್ತಿತು, ಇನ್ನೊಮ್ಮೆ ತೆಗೆದರು. ಆಮೇಲೆ ಎಲ್ಲರೂ ಕೈಕೈ ಹಿಡಿದು ಪ್ರಾರ್ಥನೆಗೆ ನಿಂತರು. ಒಡೆಸ್ಸಾ ಒಬ್ಬೊಬ್ಬರ ಹೆಸರನ್ನೂ ಹಿಡಿದು ದೇವರಿಗೆ ಒಪ್ಪಿಸತೊಡಗಿದಳು.

"ದೇವರೇ, ಬೇಗ," ಎಂದು ಲೆಸ್ಟರ್ ಮನಸ್ಸಿಟ್ಟು ಬೇಡಿಕೊಂಡ.

ಪ್ರಾರ್ಥನೆ ಮುಗಿದಾಗ ಎಂಟು ನಲವತ್ತು. ಚೀಲ ತಪಾಸಣೆಯ ಸಾಲು ಮೈಲುದ್ದ ಇತ್ತು. ಆದರೆ ಒಡೆಸ್ಸಾ ಮುಂದಿರುವಾಗ ಸಾಲು ತಾನಾಗಿ ಸರಿಯುತ್ತಿತ್ತು. ಕಾವಲುಗಾರ ಲೆಸ್ಟರನ ಜೇಬಿಗೆ ಕೈ ಹಾಕಿದ, ಪಾಕದಲ್ಲಿ ಅದ್ದಿದ ಕೈಯನ್ನು ಹೊರತೆಗೆದ, ಅವನ ಮುಖವನ್ನೇ ನೋಡಿದ.

"ಏನಿದು?"

"ತಿಂಡಿ. ಪುಕ್ಕಟೆ," ಎಂದ ಲೆಸ್ಟರ್.

"ಮುಂದೆ ಹೋಗಿ," ಎಂದ ಕಾವಲುಗಾರ. ಬೆಳಗ್ಗೆಯೇ ಇಂಥವರ ಜೊತೆ ಜಗಳ ಅವನಿಗೂ ಬೇಡವಾಗಿತ್ತು.

ಒಂಬತ್ತಕ್ಕೆ ಗೇಟು ತೆರೆಯಿತು. ಒಂಬತ್ತೂ ನಾಲ್ಕಕ್ಕೆ ಲೆಸ್ಟರ್ ಡಿಟ್ಮರ್ ಹೆಂಡತಿಯ ಕೈ ಹಿಡಿದು ಗಡಿಯಾರದ ಕೆಳಗೆ ನಿಂತಿದ್ದ. ಸುತ್ತ ನೋಡಿದ. ಅವನ ಪರಿವಾರದ ಒಂದು ನರಪಿಳ್ಳೆಯೂ ಇರಲಿಲ್ಲ.

ಒಂಬತ್ತೂ ಹತ್ತಾಯಿತು. ಒಂಬತ್ತೂ ಇಪ್ಪತ್ತಾಯಿತು. ಲೆಸ್ಟರನ ಎದೆ ಉಬ್ಬುತ್ತ ಹೋಯಿತು. ಮುರಿದ ವಾಫಲನ್ನು ಹೆಂಡತಿಗೆ ಅರ್ಧ ಕೊಟ್ಟು ತಾನರ್ಧ ತಿಂದ. ಇದಕ್ಕಿಂತ ರುಚಿಯಾದದ್ದನ್ನು ಅವನು ಹುಟ್ಟಿದ ಮೇಲೆ ತಿಂದಿರಲಿಲ್ಲ.

ಒಂಬತ್ತೂ ಮುಕ್ಕಾಲಿಗೆ ವಿಲ್ಮಾ ಬಂದಳು, ಹಿಂದೆ ಹನ್ನೊಂದು ಜನ ಬೆವೆತ ಗಿಳಿಹಸಿರು. ಗ್ಯಾರಿಯ ಹಾಳೆ ಮುದುಡಿಹೋಗಿತ್ತು.

"ಕೋಣೆಯಿಂದ ಬಸ್ ಸ್ಟಾಪಿಗೆ ಇಪ್ಪತ್ತೈದು ನಿಮಿಷ ನಡಿಗೆ," ಎಂದ ಗ್ಯಾರಿ ಅಳುಮೋರೆ ಹಾಕಿ. "ಅದು ಹೋಟೆಲಲ್ಲ, ಊರು. ಐದು ಬಸ್ಸು ತುಂಬಿಕೊಂಡೇ ಬಂದ್ವು. ಆರನೇದು ಬೇರೆ ಪಾರ್ಕಿಗೆ ಕರ್ಕೊಂಡು ಹೋಯ್ತು."

ವಿಲ್ಮಾ ಗಡಿಯಾರ ನೋಡಿದಳು, ಅಳಿಯನನ್ನು ನೋಡಿದಳು. "ಲೆಸ್ಟರ್, ನೀನು ಹೇಳಿದ್ದೇ ಸರಿ," ಎಂದಳು.

ಹದಿನೆಂಟು ವರ್ಷದಲ್ಲಿ ಆ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅದು ಹೆಂಡದ ಹಾಗೆ ತಲೆಗೇರಿತು. "ನಾನು ಹೇಳ್ಲಿಲ್ವಾ ವಿಲ್ಮಾ?" ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಬಾಗಿಲಲ್ಲೇ ಬಸ್ಸು! ಬಿಸಿ ವಾಫಲ್! ನೆರೆಹೊರೆಯವರಂತೂ ದೇವರಂಥವರು! ಪ್ರಪಂಚದಲ್ಲಿ ಅಂಥ ಜಾಗ ಇನ್ನೊಂದಿಲ್ಲ!" ರೋಂಡಾ ಅವನ ಕಾಲು ತುಳಿದಳು. ಅವನು ಆ ಕಾಲನ್ನು ಸರಿಸಿಕೊಂಡು ಈಜುಕೊಳವನ್ನು ಹೊಗಳತೊಡಗಿದ.

ಆಗ ಅತ್ತ ಹೋಗುತ್ತಿದ್ದ ಒಡೆಸ್ಸಾ ನಿಂತಳು. "ಓ, ರೋಂಡಾಳ ಗಂಡ! ಇವರೂ ನಮ್ಮವರೇನಾ? ಪೆಲಿಕನ್ನಿಗೆ ಬರೋದಾದ್ರೆ ಇವತ್ತೇ ಬನ್ನಿ ತಾಯೀ. ಮಧ್ಯಾಹ್ನಕ್ಕೆ ನಾವು ಹೊರಡ್ತೀವಿ, ಹದಿನೇಳು ಕೋಣೆ ಖಾಲಿ ಆಗುತ್ತೆ."

"ಗ್ಯಾರಿ, ಫೋನ್ ಮಾಡು," ಎಂದಳು ವಿಲ್ಮಾ. "ಲೆಸ್ಟರನ ಕೋಣೆ ಪಕ್ಕದಲ್ಲೇ ಕೇಳು."

ಲೆಸ್ಟರ್ ಗ್ಯಾರಿಯ ಫೋನಿಗೆ ಕೈ ಅಡ್ಡ ಹಿಡಿದ. "ಬೇಡ ವಿಲ್ಮಾ! ನಿಮಗ್ಯಾಕೆ ತೊಂದರೆ? ನಾವೇ... ನಾವೇ ನಿಮ್ಮ ಹೋಟೆಲಿಗೆ ಬರ್ತೀವಿ. ಈ ಕ್ಷಣ ಬರ್ತೀವಿ!"

"ಛೆ, ಎಲ್ಲಾದ್ರೂ ಉಂಟಾ?" ವಿಲ್ಮಾ ಅವನ ಬೆನ್ನು ತಟ್ಟಿದಳು. ಅವಳ ಕಣ್ಣಲ್ಲಿ ನಿಜವಾದ ಮಮತೆ ಇತ್ತು, ಪಾಪ. "ಸೋತವರು ಗೆದ್ದವರ ಹತ್ತಿರ ಹೋಗಬೇಕು ಅಂತ ಅಲ್ವಾ ನಮ್ಮ ಪಂತ? ಮಾತು ಅಂದ್ರೆ ಮಾತು. ಸೋತವರು ನಾವು ಕಣಪ್ಪಾ."

ಗ್ಯಾರಿ ಫೋನಿನ ಬಾಯಿ ಮುಚ್ಚಿಕೊಂಡು ಕೇಳಿದ: "ಅಮ್ಮಾ, ಲೆಸ್ಟರನ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಒಂದು ಬಾಗಿಲಿದೆಯಂತೆ. ಬೀಗ ತೆಗೆದಿಡ್ಲಾ ಅಂತ ಕೇಳ್ತಿದಾರೆ."

"ತೆಗೆದಿಡಲಿ," ಎಂದಳು ವಿಲ್ಮಾ.