ಸುಂದರ ಬಿಟ್ಟುಹೋದ ಕೆಲಸ

ಭಾಷಣ ಕೇಳಲು ಹೋದವನು ಕೇಳಿ ಸುಮ್ಮನೆ ಬರಬೇಕಿತ್ತು. ಬೋಜ ಎದ್ದು ನಿಂತದ್ದೇ ತಪ್ಪಾಯಿತು.

ಅರುವತ್ತೈದರ ಯುದ್ಧ ಆಗಷ್ಟೇ ನಿಂತಿತ್ತು. ಕುಲಶೇಖರ ಊರಿನ ಸಿಪಾಯಿ ಸುಂದರ ಗಡಿಯಲ್ಲಿ ಮಡಿದಿದ್ದ. ಅವನ ಸ್ಮರಣೆಯ ಸಭೆಯಲ್ಲಿ ಭಾಷಣಕಾರರು, "ಮಡಿದವರು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸುವುದೇ ನಿಜವಾದ ಶ್ರದ್ಧಾಂಜಲಿ!" ಎಂದು ಮೇಜು ಗುದ್ದಿದರು. ಹಂಚಿನ ಕಾರ್ಖಾನೆಯ ಗುಮಾಸ್ತ ಬೋಜ ಪೆನ್ನಿಗಿಂತ ಭಾರದ್ದನ್ನು ಎತ್ತಿದವನಲ್ಲ. ಆದರೂ ಕಣ್ಣೊರೆಸಿಕೊಳ್ಳುತ್ತ ಎದ್ದು, "ಸುಂದರನ ಕೆಲಸ ನಾನು ಮುಗಿಸ್ತೇನೆ! ನಾಳೆಯೇ!" ಎಂದು ಕೂಗಿಬಿಟ್ಟ. ಸಭೆ ಚಪ್ಪಾಳೆ ತಟ್ಟಿತು.

ಯಾವ ಕೆಲಸವೆಂದು ಕೇಳಲು ಮರುದಿನ ಹೋದರೆ ಸುಂದರನ ತಾಯಿ ದೇಯಿ ಮನೆಯಲ್ಲಿಲ್ಲ, ಬಂದರಿನ ತಂಗಿಯ ಮನೆಗೆ ಹೋಗಿದ್ದರು. ಪಕ್ಕದ ಮನೆಯ ಬರ್ನಡೆಟ್ ಬಾಯಮ್ಮ ಗೋಡೆಯ ಮೇಲಿಂದ ಇಣುಕಿದರು.

"ಕೆಲಸ ಎಂತದು ಕೇಳ್ತೀಯಾ? ಹಿತ್ತಿಲಲ್ಲಿ ಬಾವಿ ಉಂಟಲ್ಲ! ರಜೆಯಲ್ಲಿ ಬಂದವನು ದಿನಾ ಅಲ್ಲೇ, ಹಾರೆ, ಬುಟ್ಟಿ ಹಿಡಿದು. ನಾನೇ ನೋಡಿದ್ದೇನೆ. ಅಷ್ಟರಲ್ಲಿ ತಂತಿ ಬಂತು, ಪಾಪ, ಹೊರಟ."

ಹಿತ್ತಿಲಲ್ಲಿ ಎದೆಮಟ್ಟದ ಹೊಂಡ, ಪಕ್ಕದಲ್ಲಿ ಕೆಂಪು ಮಣ್ಣಿನ ದೊಡ್ಡ ರಾಶಿ. ಬೋಜ ಪಂಚೆ ಎತ್ತಿ ಕಟ್ಟಿ ಇಳಿದ. ಸುದ್ದಿ ಕೇಳಿ ಒಣಮೀನಿನ ವ್ಯಾಪಾರಿ ಸಮದ್ ಬ್ಯಾರಿ ಹಗ್ಗ, ಬುಟ್ಟಿ, ಕೈಗಾಡಿ ಸಮೇತ ಬಂದರು.

"ಸಮದಾಕ, ಮಣ್ಣು ಬೆಲ್ಲದ ಪುಡಿಯ ಹಾಗೆ ಬರ್ತದಲ್ಲ?"

"ಸತ್ತವನ ಪುಣ್ಯ ಮಾರಾಯ, ನೀನು ಅಗಿ! ಈ ರಾಶಿ ಇಲ್ಲಿ ಯಾಕೆ ಅಡ್ಡ? ನನ್ನ ಅಂಗಳಕ್ಕೆ ಆಗ್ತದೆ."

ಅಗೆದದ್ದೂ ಸೇರಿ ರಾಶಿಯೆಲ್ಲ ಅವರ ಕೈಗಾಡಿ ಏರಿತು. ಬಾಯಮ್ಮನೂ ಮಲ್ಲಿಗೆ ಗಿಡಗಳಿಗೆಂದು ಇಪ್ಪತ್ತು ಬುಟ್ಟಿ ಒಯ್ದರು. ಸಂಜೆಯ ಹೊತ್ತಿಗೆ ಹೊಂಡ ಎರಡಾಳು ಆಳವಾಗಿತ್ತು. ಬೋಜನ ಅಂಗೈ ತುಂಬ ಬೊಕ್ಕೆ, ಸೊಂಟ ನೆಟ್ಟಗಾಗಲೊಲ್ಲದು. ಆದರೂ ಸತ್ತವನಿಗೆ ತನ್ನಿಂದ ಏನೋ ಒಂದು ಆಯಿತಲ್ಲ ಎಂದು ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಅಷ್ಟರಲ್ಲಿ ದೇಯಿ ಕೋಲೂರಿ ತಡವರಿಸುತ್ತ ಬಂದರು.

"ದೇಯಕ್ಕಾ, ಸುಂದರನ ಕೆಲಸ ಮುಗಿಯಿತು! ಇನ್ನೆರಡು ಅಡಿ ಹೋದರೆ ನೀರು!"

"ನೀರೆಲ್ಲಿ ಮಗಾ? ಅದು ಬತ್ತಿದ ಬಾವಿ. ನನಗೆ ಕಣ್ಣು ಕಾಣುವುದಿಲ್ಲ, ಎಲ್ಲಿಯಾದರೂ ಬಿದ್ದೇನು ಅಂತ ಅವನು ಅದನ್ನು ಮುಚ್ಚುತ್ತಾ ಇದ್ದದ್ದು. ಉಳಿದದ್ದಕ್ಕೆ ಗಾಡಿಯಲ್ಲಿ ಮಣ್ಣು ತರಿಸಿಟ್ಟು ಹೋಗಿದ್ದಾನೆ, ನೋಡು, ಅಲ್ಲಿ."

ಬೋಜ ಹಗ್ಗ ಹಿಡಿದು ಮೇಲೆ ಬಂದು ನೋಡಿದ. ಅಲ್ಲಿ ಒಂದು ಹಿಡಿ ಮಣ್ಣಿರಲಿಲ್ಲ. ಸಮದ್ ಬ್ಯಾರಿಯ ಅಂಗಳಕ್ಕೆ ನೀರು ಹಾಕಿ ಬಡಿದೂ ಆಗಿತ್ತು. ಬಾಯಮ್ಮನ ತಲೆ ಗೋಡೆಯ ಮೇಲಿಂದ ಮೆಲ್ಲಗೆ ಇಳಿಯಿತು.

ವಿಷಯ ತಿಳಿದ ದೇಯಿ ಅಳುತ್ತಲೇ ನಕ್ಕರು. "ಅವನೂ ನಿನ್ನ ಹಾಗೆಯೇ, ಕೇಳದೆ ಕೆಲಸಕ್ಕೆ ಇಳಿಯುವವನು. ಗಂಜಿ ಉಣ್ಣು. ನಾಳೆಯಿಂದ ಮಣ್ಣು ಹೊರು. ಅದು ತುಂಬುವವರೆಗೆ ನಾನು ಬೀಳದ ಹಾಗೆ ಇಲ್ಲೇ ಪಹರೆ ನಿಲ್ಲು."

ಬೋಜ ಹಾರೆಯನ್ನು ಬಂದೂಕಿನ ಹಾಗೆ ಹೆಗಲಿಗೇರಿಸಿ ಬಾವಿಯ ಅಂಚಿನಲ್ಲಿ ನಿಂತ.