ಸಾಂಬಾರ್ ಬಕೆಟ್ ಅಳತೀ ಜೀಪು

ನನ್ನ ಗ್ಯಾರೇಜಿಗೆ ನೆಟ್ಟಗಿನ ಗಿರಾಕಿ ಒಬ್ಬಾಂವಾದ್ರೂ ಬಂದಾನು ಅಂತ ಹದಿನೆಂಟು ವರ್ಷದಿಂದ ಹಾದಿ ಕಾಯಾಕತ್ತೀನಿ, ಇನ್ನೂ ಬಂದಿಲ್ಲ. ಜೋಗೇಶ್ವರಿಯಾಗ ನಂದೊಂದು ಸಣ್ಣ ಶೆಡ್ ಐತಿ. ಫೋರ್ ವೀಲ್ ಡ್ರೈವ್ ಜೀಪಿನ ಚಾಸಿ, ಅಂದ್ರ ಅಡಿಚೌಕಟ್ಟು, ಎತ್ತರ ಮಾಡಿಕೊಡೂದು ನನ್ನ ಉದ್ಯೋಗ. ಇದಕ್ಕ ಗುಡ್ಡಾ ಹತ್ತಾವ್ರು, ಹೊಳಿ ದಾಟಾವ್ರು ಬರಬೇಕ್ರಿ. ನನ್ನ ಕಡೆ ಬರಾವ್ರೆಲ್ಲಾ ಬಿಲ್ಡಿಂಗ್ ಗೇಟ್ ದಾಟಾವ್ರು. ಅದರಾಗ ನನಗೊಂದು ಕೆಟ್ಟ ಚಟ. ಯಾರು ಏನು ಕೇಳಿದ್ರೂ "ಆಗ್ತೈತಿ" ಅಂದ್ಬಿಡ್ತೀನಿ. "ಎಲ್ಲಾರ ಗಾಡಿಗೂ ಬ್ರೇಕ್ ಹಾಕ್ತೀರಿ, ನಿಮ್ಮ ಬಾಯಿಗೆ ಯಾರು ಹಾಕಬೇಕು" ಅಂತ ನನ್ನ ಹೆಂಡತಿ ಕೇಳ್ತಾಳ. ಮಲಾಡದ ಹೋಟೆಲ್ ಸಾವ್ಕಾರ್ರ ಜೀಪಿನ ಸುದ್ದಿ ಕೇಳಿದ್ರ ಆಕಿ ಮಾತು ಖರೆ ಅಂತೀರಿ.

೧. ಅಳತಿ

ಸಾವ್ಕಾರ್ರು ಉಡುಪಿ ಕಡೆಯವ್ರು. ಅವ್ರ ಬಿಲ್ಡಿಂಗ್ ಸೊಸೈಟಿ ಗೇಟಿನಾಗ ಸೆಕ್ರೆಟರಿ ಒಂದು ಸ್ಪೀಡ್ ಬ್ರೇಕರ್ ಕಟ್ಟಿಸಿದ್ದ. ಸ್ಪೀಡ್ ಬ್ರೇಕರ್ ಅಂತ ಹೆಸರಿಗಷ್ಟ, ಸಂಜಿ ಆತಂದ್ರ ಮುದುಕ್ರು ಅದನ್ನ ಕಟ್ಟಿ ಮಾಡ್ಕೊಂಡು ಕುಂತು ಹರಟಿ ಹೊಡೀತಿದ್ರು. ಸಾವ್ಕಾರ್ರು ಎರಡು ವರ್ಷ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಸೆಕ್ರೆಟರಿ ಜೋಡಿ ಮಾತು ಬಿಟ್ಟಿದ್ರು.

ಸಾವ್ಕಾರ್ರ ತಾಯಿಗೆ ಎಂಬತ್ತು ದಾಟೇತಿ. ಪ್ರತಿ ರವಿವಾರ ಮುಲುಂಡದಾಗಿರೋ ತನ್ನ ತಂಗಿ ಮನಿಗೆ ಹೋಗಿ ಉಂಡು ಬರೂದು ಅಜ್ಜಿ ಪದ್ಧತಿ. ಒಂದು ರವಿವಾರ ಜೀಪಿನ ಹೊಟ್ಟಿ ಆ ಕಟ್ಟಿಗೆ ಎಂಥಾ ಪೆಟ್ಟು ತಿಂತಂದ್ರ, ಅಜ್ಜಿ ಹಲ್ಲಿನ ಸೆಟ್ಟು ಬಾಯಿ ಬಿಟ್ಟು ಡ್ಯಾಶ್‌ಬೋರ್ಡಿನ ಮ್ಯಾಲ ಬಂದು ಕುಂತಿತು. ಅವತ್ತಿನಿಂದ ಅಜ್ಜಿ ಜೀಪ್ ಹತ್ತೂದು ಬಿಟ್ಲು. ಲೋಕಲ್ ಟ್ರೇನ್ ಹತ್ತೋ ವಯಸ್ಸಲ್ಲ. ಮೂರು ರವಿವಾರ ಅಕ್ಕ ತಂಗಿ ಫೋನಿನಾಗ ಅತ್ತರಂತ.

"ಜೀಪ್ ಎತ್ತರ ಆಗ್ಬೇಕು ಮಾರಾಯ. ಅಮ್ಮನ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ" ಅಂದ್ರು ಸಾವ್ಕಾರ್ರು.

"ಆಗ್ತೈತ್ರಿ. ಎಷ್ಟು ಎತ್ತರ?"

"ಅಳತೆ ತಂದಿದ್ದೇನೆ" ಅಂತ ಹೋಟೆಲಿನ ಸಾಂಬಾರ್ ಬಕೆಟ್ ಇಳಿಸಿದ್ರು. "ಹಂಪ್ ಸರೀ ಇಷ್ಟೇ ಉಂಟು. ಪಕ್ಕದಲ್ಲಿ ಇಟ್ಟು ನೋಡಿದ್ದೇನೆ."

ಮುಟ್ಟಿದ್ರ ಬಕೆಟ್ ಸುಡಾಕತ್ತಿತ್ತು. ಒಳಗ ಗಂಟಲ ಮಟ ಬಿಸಿ ಸಾಂಬಾರ್. ಚಲ್ಲಬಾರ್ದಂತ ಮ್ಯಾಲ ತಾಟು ಮುಚ್ಚಿ, ಹಿಡಿಕಿ ನೆಟ್ಟಗ ನಿಲ್ಲಿಸಿ ದಾರದಿಂದ ಬಿಗಿದಿದ್ರು.

"ಅಳತಿಗೆ ಸಾಂಬಾರ್ ಯಾಕ್ರಿ?"

"ಒಳ್ಳೆ ಕೆಲಸಕ್ಕೆ ಹೊರಡುವಾಗ ಯಾರಾದ್ರೂ ಖಾಲಿ ಪಾತ್ರೆ ಹಿಡ್ಕೊಂಡು ಬರ್ತಾರಾ?" ಅಂದ್ರು.

ಅದೂ ಖರೇನ. ಟೇಪ್ ಹಿಡಿದು ಅಳತಿ ತಗೊಂಡೆ. ಮಧ್ಯಾಹ್ನ ಮನಿಗೆ ಫೋನ್ ಮಾಡಿ, ಬರೇ ಅನ್ನಾ ಕಳಸು ಅಂದೆ.

೨. ಹಿಡಿಕಿ

ನಾಕು ದಿನ ಕೆಲಸ ನಡೀತು. ಚಾಸಿ ಕೆಳಗ ಜೋತು ಬಿದ್ದಿದ್ದ ಅಡ್ಡಪಟ್ಟಿ ಕತ್ತರಿಸಿ ಮ್ಯಾಲ ವೆಲ್ಡಿಂಗ್ ಮಾಡಿದೆ, ಸೈಲೆನ್ಸರ್ ಪೈಪ್ ಸರಿಸಿದೆ, ಸ್ಪ್ರಿಂಗ್ ಪಟ್ಟಿಗೆ ಉಕ್ಕಿನ ದಪ್ಪನ್ನ ತುಂಡು ಕೊಟ್ಟು ಎತ್ತಿದೆ. ನನ್ನ ಕೆಲಸದ ಮ್ಯಾಲ ನನಗ ಅಭಿಮಾನ ಐತ್ರಿ, ಸುಳ್ಳು ಯಾಕ ಹೇಳಲಿ. ಶನಿವಾರ ಸಾವ್ಕಾರ್ರು ಬಂದ್ರು. ಅವ್ರ ಕಣ್ಣ ಮುಂದ ಜೀಪಿನ ಕೆಳಗ ಬಕೆಟ್ ಈ ಕಡೆಯಿಂದ ಆ ಕಡೆ ದೂಕಿ ತೋರಿಸಿದೆ. ಎಲ್ಲೂ ತಾಗಲಿಲ್ಲ.

ಸಾವ್ಕಾರ್ರು ಜೀಪಿನ ಸುತ್ತ ಎರಡು ಸುತ್ತು ಹಾಕಿದ್ರು. "ಇದೆಂತ ಮಾರಾಯ, ಮಾಳಿಗೆ ಕಟ್ಟಿದ್ದಾ?" ಅಂತ ಬಗ್ಗಿ, ಬಕೆಟ್ಟಿನ ಹಿಡಿಕಿ ಪಟ್ಟನ ಕೆಳಗ ಮಡಚಿದ್ರು. "ಹಂಪ್ ಇಷ್ಟು. ನೀನು ಹಿಡಿಕೆ ಯಾಕೆ ಅಳೆದದ್ದು?"

"ನೀವು ಕಟ್ಟಿ ನಿಲ್ಲಿಸಿಕೊಂಡು ಬಂದಿದ್ರಿ. ಹಿಡಿಕಿ ಬಿಟ್ಟು ಅಂತ ಯಾರು ಹೇಳಿದ್ರು?"

ಮತ್ತ ಬಿಚ್ಚಿ ಇಳಿಸಾಕ ಟೈಮ್ ಇರಲಿಲ್ಲ, ಮರುದಿನ ರವಿವಾರ. ಮುಲುಂಡದಾಗ ತಂಗಿ ಆಗಲೇ ಉದ್ದು ನೆನಿ ಹಾಕಿದ್ಲಂತ. ಸಾವ್ಕಾರ್ರು ಏದುಸಿರು ಬಿಟ್ಕೋತ ಜೀಪ್ ಹತ್ತಿದ್ರು. ಹೋಗುವಾಗ ಬಕೆಟ್ ಕೈಯಾಗ ಕೊಟ್ಟೆ. ಒಳಗ ನೋಡಿ, "ಖಾಲಿ ಕೊಡ್ತೀಯಲ್ಲ ಮಾರಾಯ" ಅಂದ್ರು. ಹೆದರಿ ಅರ್ಧ ಲೀಟರ್ ಗೇರ್ ಆಯಿಲ್ ಹಾಕಿ ಕಳಿಸಿದೆ.

೩. ಅಜ್ಜಿ ಏರಿದ್ದು

ಜೀಪು ಆ ಕಟ್ಟಿ ಮ್ಯಾಲಿಂದ ಹಂಗ ಹಾರಿದಂಗ ಹೋತಂತ. ಫಜೀತಿ ಅಂದ್ರ, ಅಜ್ಜಿಗೆ ಏರಾಕ ಆಗವಲ್ದು. ಅಜ್ಜಿ ಎದಿ ಮಟ ಬಾಗಲಾ. ಕಡೀಕ ಹೋಟೆಲಿನ ಇಬ್ಬರು ವೇಟರ್ ಹುಡುಗರನ್ನ ಕರೆಸಿ, ಪ್ಲಾಸ್ಟಿಕ್ ಕುರ್ಚಿ ಸಮೇತ ಅಜ್ಜಿನ್ನ ಎತ್ತಿಸಿದ್ರು. "ನಾನೆಂತ ಪಾರ್ಸೆಲ್ಲಾ?" ಅಂತ ಅಜ್ಜಿ ಬೈಯಾಕತ್ತಿದ್ಲು. ಸೀಟಿನ ಮ್ಯಾಲ ಕುಂದ್ರಿಸಿದ ಮ್ಯಾಲ ಒಬ್ಬಾಂವ ರೂಢಿ ಬಲದಿಂದ, "ಮತ್ತೆಂತ ಕೊಡ್ಲಿ ಅಮ್ಮ?" ಅಂತ ಕೇಳಿದ.

"ಏಣಿ" ಅಂದ್ಲು ಅಜ್ಜಿ.

೪. ಕಿಟಕಿ

ಇನ್ನೊಂದು ತಾಪತ್ರಯ. ಎತ್ತರ ಆಗಿದ್ದ ಜೀಪು ಸೊಸೈಟಿಯ ತಗಡಿನ ಪಾರ್ಕಿಂಗ್ ಶೆಡ್ಡಿನಾಗ ಹಿಡೀಲಿಲ್ಲ. ಕಂಪೌಂಡಿನಾಗ ಖಾಲಿ ಜಾಗಾ ಅಂದ್ರ ಒಂದ, ಗ್ರೌಂಡ್ ಫ್ಲೋರಿನ ಸೆಕ್ರೆಟರಿ ಮನಿ ಕಿಟಕಿ ಬುಡಕ. ಅಲ್ಲೇ ನಿಂತಿತು.

ಎತ್ತೋ ವೇಟರ್ ಹುಡುಗರಿಗೆ ಬಿಡುವು ಹತ್ತು ಗಂಟೆಕ್ಕ. ಸಾವ್ಕಾರ್ರು ಗಲ್ಲಾಪೆಟ್ಟಿಗಿ ಬಿಟ್ಟು ಬರೂದು ಹನ್ನೊಂದಕ್ಕ. ನಡುವ ಒಂದು ತಾಸು ಅಜ್ಜಿ ಜೀಪಿನಾಗ ಒಬ್ಬಾಕಿನ ಕುಂತಿರ್ತಿದ್ಲು. ಕಿಟಕಿಯೊಳಗ ಸೆಕ್ರೆಟರಿ ಹೆಂಡತಿ. ಹನ್ನೆರಡು ವರ್ಷ ಒಂದ ಬಿಲ್ಡಿಂಗಿನಾಗಿದ್ದು ಕಿಟಕಿ ಎತ್ತರ ಇದ್ದದ್ದಕ್ಕ ಒಬ್ಬರಿಗೊಬ್ಬರ ನೆತ್ತಿ ಬಿಟ್ಟು ಬ್ಯಾರೆ ಏನೂ ಕಂಡಿರಲಿಲ್ಲ. ಈಗ ಸರೀ ಮುಖಾಮುಖಿ. ಅಜ್ಜಿ ತುಳುವಿನಾಗ ಸೊಸಿನ್ನ ಬೈದ್ಲು, ಆಕಿ ಮರಾಠಿಯೊಳಗ ಗಂಡನ್ನ ಬೈದ್ಲು. ಇಬ್ಬರಿಗೂ ಎಲ್ಲಾ ತಿಳೀತು. ಎರಡನೇ ರವಿವಾರ ಗ್ರಿಲ್ಲಿನಾಗಿಂದ ಚಕ್ಕುಲಿ ಬಂತು. ಮೂರನೇ ರವಿವಾರ ಆಕಿನೂ ಮುಲುಂಡಕ್ಕ ಹೊಂಟು ನಿಂತ್ಲು.

ಗೇಟಿನಾಗ ಕಟ್ಟಿ ದಾಟುವಾಗ ಎತ್ತರದ ಜೀಪು ಜೋಲಿ ಹೊಡೀತು. ಸೆಕ್ರೆಟರಿ ಹೆಂಡತಿ ತಲಿ ಜೀಪಿನ ಮ್ಯಾಲಿನ ಕಬ್ಬಿಣಕ್ಕ ಬಡದು ಲಿಂಬಿಹಣ್ಣಿನಷ್ಟು ಬುಗುಟಿ ಬಂತು. ಎರಡು ವರ್ಷದ ಅರ್ಜಿಗೆ ಅಲಗದ ಸ್ಪೀಡ್ ಬ್ರೇಕರ್ ಮಂಗಳವಾರ ಮುಂಜಾನೆ ಇರಲಿಲ್ಲ. ಸೆಕ್ರೆಟರಿ ಸ್ವತಃ ನಿಂತು ಒಡೆಸಿದ್ನಂತ.

ಮುಂದಿನ ರವಿವಾರ ಮುಲುಂಡಕ್ಕ ಹೋಗೋ ಹಾದಿಯಾಗ ಸಾವ್ಕಾರ್ರು ಜೀಪ್ ನನ್ನ ಶೆಡ್ಡಿನ ಮುಂದ ನಿಲ್ಲಿಸಿದ್ರು. ಅಜ್ಜಿ ಮ್ಯಾಲ ಕುಂತಿದ್ಲು. ಸಾವ್ಕಾರ್ರ ಮಾರಿ ಸಪ್ಪಗಿತ್ತು.

"ಹಂಪ್ ಹೋತಲ್ರಿ. ಮೊದಲಿನಂಗ ಇಳಿಸಿ ಕೊಡಲೇನು?" ಅಂದೆ.

"ಇಳಿಸಿದ್ರೆ ನಾನು ಗೋಡೆ ಹತ್ರ ಮಾತಾಡುದಾ?" ಅಂತ ಅಜ್ಜಿ ಮ್ಯಾಲಿಂದ ಗದರಿಸಿದ್ಲು.

ಸಾವ್ಕಾರ್ರು ನನ್ನ ಕಿವಿಯಾಗ ಹೇಳಿದ್ರು: "ಸೆಕ್ರೆಟರಿ ಮನೆ ಬದಲಿಸ್ತಾ ಇದ್ದಾರೆ ಮಾರಾಯ. ಅದೇ ಬಿಲ್ಡಿಂಗಲ್ಲಿ, ಎರಡನೇ ಮಾಳಿಗೆಗೆ."

ಹದಿನೆಂಟು ವರ್ಷದಾಗ ಮೊದಲನೇ ಸಲ ನನ್ನ ಬಾಯಾಗ ಆ ಮಾತು ಬಂತು. "ಅಜ್ಜಿ, ಅಷ್ಟು ಎತ್ತರ ಆಗೂದಿಲ್ಲ."

"ಯಾಕೆ ಆಗುದಿಲ್ಲ?" ಅಂತ ಅಜ್ಜಿ ಹಿಂದಿನ ಸೀಟಿನ ಕಡೆ ಕೈ ಮಾಡಿದ್ಲು. ಅಲ್ಲಿ ಹೋಟೆಲಿನ ಅಷ್ಟೂ ಬಕೆಟ್ ಸಾಲಾಗಿ ಕುಂತಿದ್ವು, ಒಂದೊಂದರಾಗೂ ಗಂಟಲ ಮಟ ಸಾಂಬಾರ್. "ಒಂದರ ಮೇಲೊಂದು ಇಟ್ಟು ಅಳೆ ಮಗಾ. ಹಿಡಿಕೆ ಎಲ್ಲಾ ಎತ್ತಿಯೇ ಕಟ್ಟಿದ್ದೇನೆ."