ಬಿಳಿ ಟೈಲ್ಸೋ, ಹಸಿರು ಟೈಲ್ಸೋ

ಟೈಲ್ಸ್ ಮೇಸ್ತ್ರಿ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಖಡಾಖಂಡಿತವಾಗಿ ಹೇಳಿಬಿಟ್ಟ. "ಸಾರ್, ಸಂಜೆ ಐದಕ್ಕೆ ಟೈಲ್ಸ್ ನನ್ನ ಕೈಲಿರ್ಬೇಕು. ಇಲ್ಲಾಂದ್ರೆ ಬೇರೆ ಮನೆ ಕೆಲಸ ಹಿಡೀತೀನಿ. ಆಮೇಲೆ ಈ ಕಡೆ ತಲೆ ಹಾಕೋದು ಒಂದು ತಿಂಗಳಾದ್ಮೇಲೇ."

ಮನೆಯ ಯಜಮಾನರು "ಆಗ್ಲಿ ಬಿಡಪ್ಪ" ಎಂದರು. ಯಜಮಾನರು ಎಂಬುದು ಕಾಗದಪತ್ರದಲ್ಲಿ ಮಾತ್ರ; ಯಾರು ಏನೆಂದರೂ ತಲೆಯಾಡಿಸುವ ಅವರಿಗೆ ಬೀದಿಯವರು ‘ಆಗ್ಲಿಬಿಡಪ್ಪ’ ಎಂದೇ ಹೆಸರಿಟ್ಟಿದ್ದರು. ಅಡುಗೆಮನೆಯ ಹಳೇ ಗೋಡೆ ಕೆತ್ತಿ ಹತ್ತು ದಿನವಾಗಿತ್ತು. ಅಂದಿನಿಂದ ಒಲೆ ಅವರ ಮಲಗುವ ಕೋಣೆಯಲ್ಲಿ. ದಿಂಬಿನಿಂದ ಹಿಡಿದು ಆಫೀಸಿನ ಅಂಗಿಯವರೆಗೆ ಎಲ್ಲಕ್ಕೂ ಹುರಿದ ಈರುಳ್ಳಿಯ ವಾಸನೆ; ಪಕ್ಕದ ಮೇಜಿನವನು ಮೂಗು ಮುಚ್ಚಿಕೊಂಡೇ ಫೈಲು ಕೊಡುತ್ತಿದ್ದ. ಇನ್ನೂ ಒಂದು ತಿಂಗಳು ಹೀಗೇ ಎಂದರೆ ಮನುಷ್ಯ ಬದುಕುವುದು ಹೇಗೆ?

ತೊಡಕು ಇಷ್ಟೇ. ಅಮ್ಮನಿಗೆ ಹೊಳೆಯುವ ಬಿಳಿ ಟೈಲ್ಸೇ ಆಗಬೇಕು. ಕೊಳೆ ಕಣ್ಣಿಗೆ ಬಿದ್ದರಲ್ಲವೇ ಯಾರಾದರೂ ಒರೆಸುವುದು. ಹೆಂಡತಿಗೆ ಹೊಳಪಿಲ್ಲದ ಹಸಿರೇ ಆಗಬೇಕು; ಒರೆಸುವವಳು ತಾನಲ್ಲವೇ. ನಾಲ್ಕು ದಿನದಿಂದ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ‘ಉಪ್ಪು ಕೊಡೋಕೆ ಹೇಳು’ ಎನ್ನುವುದಕ್ಕೂ ನಡುವೆ ಇವರೇ ಬೇಕಿತ್ತು.

ಗೇಟಿನ ಬಳಿ ಪಕ್ಕದ ಮನೆಯ ವಕೀಲರು ಸಿಕ್ಕರು. ಕೇಳದೆ ಸಲಹೆ ಕೊಡುವುದರಲ್ಲಿ ಅವರದು ಎತ್ತಿದ ಕೈ.

"ಇಷ್ಟೇ ತಾನೆ? ಸೊಸೆ ಬಿಳೀಗೆ ಒಪ್ಪಿದ್ಲು ಅಂತ ಅಮ್ಮನಿಗೆ ಹೇಳಿ. ಅತ್ತೆ ಹಸಿರಿಗೆ ಒಪ್ಪಿದ್ರು ಅಂತ ಹೆಂಡ್ತಿಗೆ ಹೇಳಿ. ಇಬ್ರಲ್ಲಿ ಒಬ್ರು ಕರಗೇ ಕರಗ್ತಾರೆ. ಆಗ ಇನ್ನೊಬ್ರು ಕೇಳಿದ್ದು ತರಿಸಿ."

"ಸುಳ್ಳಲ್ವಾ ಸಾರ್ ಅದು?"

"ರಾಜಿ ಅಂತಾರೆ ಅದನ್ನ."

ಆಗ್ಲಿಬಿಡಪ್ಪನವರು ಅಲ್ಲಿಂದಲೇ ಮನೆಯೊಳಗೆ ಹೋಗಿ ಅಮ್ಮನಿಗೆ ಹೇಳಿದರು: "ಬಿಳೀದೇ ಇರ್ಲಿ, ಅತ್ತೆ ಮನಸ್ಸು ಯಾಕೆ ನೋಯಿಸ್ಬೇಕು ಅಂದ್ಲು ಅವಳು." ಅಮ್ಮ ಹೂಂ ಎಂದರು, ಅಷ್ಟೆ. ಆಫೀಸು ಸೇರಿದ ಮೇಲೆ, ಶಾಲೆಯಲ್ಲಿ ಪಾಠ ಹೇಳುವ ಹೆಂಡತಿಗೆ ಫೋನ್ ಮಾಡಿ ಎರಡನೇ ಸುಳ್ಳನ್ನೂ ಹೇಳಿದರು. ಅವಳು "ಹೌದಾ? ನೋಡೋಣ" ಎಂದು ಫೋನ್ ಇಟ್ಟಳು.

ಮಧ್ಯಾಹ್ನ ಅಮ್ಮನ ಫೋನ್ ಬಂತು. "ನಾನೇ ಹಟ ಮಾಡ್ಬಿಟ್ಟೆ ಕಣೋ. ಪಾಪ, ಎಂಥ ಒಳ್ಳೆ ಹುಡುಗಿ. ಹಸಿರೇ ತರ್ಸು."

ಆಗ್ಲಿಬಿಡಪ್ಪನವರು ಕುಣಿಯುವುದೊಂದು ಬಾಕಿ. ಅಂಗಡಿಗೆ ಫೋನ್ ಮಾಡಿ ಹಸಿರು ಕಳಿಸಲು ಹೇಳಿ, ನೆಮ್ಮದಿಯಿಂದ ಎರಡು ಸಲ ಟೀ ಕುಡಿದರು.

ನಾಲ್ಕೂವರೆಗೆ ಮನೆ ಮುಟ್ಟಿದರೆ ಗೇಟಿನಲ್ಲಿ ವ್ಯಾನು. ಒಳಗೆ ಬಿಳಿ ಟೈಲ್ಸು. ವ್ಯಾನಿನ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಹೆಂಡತಿ.

"ಬಿಳೀದು ಬೇಡಪ್ಪ, ವಾಪಸ್ ತಗೊಂಡು ಹೋಗು" ಎಂದರು ಅಮ್ಮ.

"ಇಳಿಸಿ ನೀವು. ಹಸಿರು ಬೇಡ, ಬಿಳೀದು ಕಳಿಸಿ ಅಂತ ಅಂಗಡಿಗೆ ಹೇಳಿದ್ದು ನಾನೇ. ಅತ್ತೆ ಇಷ್ಟಾನೇ ಆಗ್ಬೇಕು" ಎಂದಳು ಹೆಂಡತಿ.

ಡ್ರೈವರು ಮೂರು ಸಲ ಇಳಿಸಿ ಮೂರು ಸಲ ಏರಿಸಿದ. ವಕೀಲರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದರು. ಎರಡೂ ಕಕ್ಷಿ ಸೋಲಲು ಹಟ ಹಿಡಿದ ಕೇಸು ಅವರ ಸರ್ವಿಸಿನಲ್ಲೇ ಇರಲಿಲ್ಲ.

"ಬೆಳಿಗ್ಗೆ ನೀನು ಅಷ್ಟು ಒಳ್ಳೆ ಮಾತು ಹೇಳಿ ಕಳಿಸಿದ್ಮೇಲೆ ನಾನು ಹ್ಯಾಗಮ್ಮ ಬಿಳಿ ಹಾಕಿಸ್ಲಿ?"

"ನಾನೆಲ್ಲಿ ಹೇಳಿ ಕಳಿಸ್ದೆ ಅತ್ತೆ? ಹಸಿರಿರ್ಲಿ ಅಂತ ಬೆಳಿಗ್ಗೆ ಅಂದಿದ್ದು ನೀವಲ್ವಾ?"

"ಬೆಳಿಗ್ಗೆನಾ? ನಾನಾ?"

ಇಬ್ಬರೂ ಒಟ್ಟಿಗೇ ಯಜಮಾನರತ್ತ ತಿರುಗಿ ನೋಡಿದರು. ವಕೀಲರು ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

"ಬಂದಿದ್ದನ್ನೇ ಇಳಿಸ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಆಗ್ಲಿಬಿಡಪ್ಪನವರು ಅಂಗಲಾಚಿದರು.

"ನೀನು ಬಾಯಿ ಮುಚ್ಕೊಂಡಿರು" ಎಂದರು ಅಮ್ಮ. "ಬಾಮ್ಮ, ನಾವಿಬ್ರೇ ಹೋಗಿ ನೋಡೋಣ." ಇಬ್ಬರೂ ಅದೇ ವ್ಯಾನು ಹತ್ತಿ ಅಂಗಡಿಗೆ ಹೊರಟರು. ಐದು ಹೊಡೆಯಿತು. ಜಗಲಿಯಲ್ಲಿ ಕಾದು ಕೂತಿದ್ದ ಮೇಸ್ತ್ರಿ ಗಾರೆ ಬಳಿಯುವ ಕರಣೆ ಒರೆಸಿ ಚೀಲಕ್ಕೆ ಹಾಕಿಕೊಂಡು ನಡೆದ.

ಒಂದು ಗಂಟೆಯ ಮೇಲೆ ಅತ್ತೆ ಸೊಸೆ ಕೈ ಕೈ ಹಿಡಿದುಕೊಂಡು, ನಗುನಗುತ್ತಾ ಬಂದರು.

"ಕಿತ್ತಳೆ ಬಣ್ಣದ್ದು ಕಣೋ, ಇಬ್ರಿಗೂ ಒಂದೇ ನೋಟಕ್ಕೆ ಹಿಡಿಸ್ತು. ಮಾಲು ಬರೋಕೆ ಒಂದು ತಿಂಗಳಂತೆ. ಮೇಸ್ತ್ರಿಗೂ ಆಗ್ಲೇ ಅಲ್ವಾ ಬಿಡುವು?"

"ಅಲ್ಲಿವರ್ಗೂ ಒಲೆ?" ಎಂದು ಅವರು ಮೆಲ್ಲಗೆ ಕೇಳಿದರು.

"ನಿಮ್ಮ ರೂಮಲ್ಲೇ ಇರ್ಲಿ ಬಿಡಿ" ಎಂದಳು ಹೆಂಡತಿ. "ನಾನೂ ಅತ್ತೇನೂ ಇವತ್ತಿಂದ ಹಾಲ್‌ನಲ್ಲಿ ಮಲಗ್ತೀವಿ. ಅಡುಗೆ ನಿಮ್ದು. ಎದ್ದು ಕೈ ಚಾಚಿದ್ರೆ ಒಲೆ ಸಿಗತ್ತೆ."

"ಅವಸರ ಏನಿಲ್ಲಪ್ಪ" ಎಂದರು ಅಮ್ಮ ಅಕ್ಕರೆಯಿಂದ. "ಆರೂವರೆಗೆ ತಿಂಡಿ ಆದ್ರೆ ಸಾಕು."